ಸಮುದ್ರಕ್ಕೆ ಟಿಕೆಟ್ ಇಲ್ಲ, ಖರ್ಚೆಲ್ಲ ದಡದಲ್ಲಿ

ರಜೆ ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಸಮುದ್ರದವೇ. ಈ ಸಲ ಹೆಚ್ಚಿನವರು ಕೇಳಿದ್ದು ಗೋಕರ್ಣದ ಬಗ್ಗೆ, ಅದೂ ಕಮ್ಮಿ ದುಡ್ಡಲ್ಲಿ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ದರಗಳನ್ನು ಅಂದಾಜಿಗೆ ಹೇಳಿದ್ದೇನೆ, ನೂರಿನ್ನೂರು ಆಚೀಚೆ ಆದರೆ ನನ್ನ ಜೊತೆ ಜಗಳಕ್ಕೆ ಬರಬೇಡಿ.

ನಾವು ಗದಗದವರು. ನಾನು, ನನ್ನ ಹೆಂಡತಿ, ತಾಯಿ, ಒಂಬತ್ತು ವರ್ಷದ ಮಗಳು. ಮಗಳು ಸಮುದ್ರವನ್ನೇ ನೋಡಿಲ್ಲ. ಗೋಕರ್ಣದಲ್ಲಿ ಎರಡು ರಾತ್ರಿ ಇದ್ದು ಬರಲು ಹತ್ತು ಸಾವಿರ ಸಾಕಾಗುತ್ತಾ? ಪರಿಚಯದವರು ‘ಇಪ್ಪತ್ತೈದು ಇಲ್ಲದೆ ಹೋಗಲೇಬೇಡಿ’ ಅಂತಾರೆ. — ಗದಗದ ಓದುಗರು

ಸಾಕು. ಆ ಇಪ್ಪತ್ತೈದು ಸಾವಿರದವರು ಕಾರು ಮಾಡಿಕೊಂಡು ಶನಿವಾರ ಹೋಗಿ, ನೀರು ಕಾಣುವ ರೂಮೇ ಬೇಕು ಅಂತ ಹಟ ಹಿಡಿದವರು. ಖರ್ಚು ಹೆಚ್ಚುವುದು ಈ ಮೂರರಿಂದಲೇ. ನೀವು ಮೂರನ್ನೂ ಬಿಡಿ.

ಗದಗದಿಂದ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಗೋಕರ್ಣ. ಹುಬ್ಬಳ್ಳಿಯಿಂದ ನೇರ ಬಸ್ಸೂ ಇದೆ, ಸಿಗದಿದ್ದರೆ ಅಂಕೋಲಾದಲ್ಲಿ ಇಳಿದು ಬದಲಾಯಿಸಿ, ಗೋಕರ್ಣದ ಲೋಕಲ್ ಬಸ್ ಸಿಗುತ್ತದೆ. ಕೆಂಪು ಬಸ್ಸು ಹತ್ತಿದರೆ ಶಕ್ತಿ ಯೋಜನೆಯಲ್ಲಿ ನಿಮ್ಮ ತಾಯಿ, ಹೆಂಡತಿ, ಮಗಳು ಮೂವರಿಗೂ ಟಿಕೆಟ್ ಸೊನ್ನೆ. ದುಡ್ಡು ಕೊಡುವವರು ನೀವೊಬ್ಬರೇ, ಹೋಗಿ ಬರಲು ಆರೇಳುನೂರು ಆದೀತು. ಆಧಾರ್ ಕಾರ್ಡು ಬ್ಯಾಗಿನ ತಳಕ್ಕೆ ಹಾಕಬೇಡಿ, ಘಟ್ಟದ ತಿರುವಿನಲ್ಲಿ ಕಂಡಕ್ಟರ್ ಮುಂದೆ ನಿಂತು ಹುಡುಕುವುದು ಕಷ್ಟ.

ರೂಮನ್ನು ಊರೊಳಗೇ ಮಾಡಿ. ರಥಬೀದಿಯ ಸುತ್ತಮುತ್ತ, ದೊಡ್ಡ ಬೀಚಿನ ಹಿಂದಿನ ಓಣಿಗಳಲ್ಲಿ, ಮನೆಯ ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಬಿಡುವವರು ಬೇಕಾದಷ್ಟು ಜನ ಇದ್ದಾರೆ. ಎಸಿ ಇಲ್ಲದ ಚೊಕ್ಕ ರೂಮು ವಾರದ ನಡುವೆ ಸಾವಿರದಿಂದ ಸಾವಿರದೈನೂರಕ್ಕೆ ಸಿಗಬೇಕು. ಸೋಮವಾರ ಹೋಗಿ ಬುಧವಾರ ಬನ್ನಿ. ಅದೇ ರೂಮು ಶನಿವಾರ ಎರಡು ಪಟ್ಟು ಹೇಳುತ್ತಾರೆ, ಡಿಸೆಂಬರ್ ಕೊನೆಯಲ್ಲಂತೂ ಕೇಳುವುದೇ ಬೇಡ. ಶಿವರಾತ್ರಿ ಮತ್ತು ರಥೋತ್ಸವದ ದಿನಗಳನ್ನು ಬಿಟ್ಟುಬಿಡಿ, ದೇವರ ದರ್ಶನಕ್ಕೇ ಹೋಗುವುದಾದರೆ ಬೇರೆ ಮಾತು.

ಎರಡು ರಾತ್ರಿಗೆ ರೂಮು ಮೂರು ಸಾವಿರ, ಊಟ ತಿಂಡಿ ನಾಲ್ವರಿಗೆ ಮೂರು ದಿನಕ್ಕೆ ನಾಲ್ಕು ಸಾವಿರದ ಆಸುಪಾಸು, ಬಸ್ಸು ಏಳುನೂರು, ಆಟೋ ಬೋಟು ಅಂತ ಒಂದು ಸಾವಿರ. ಕೈಯಲ್ಲಿ ಇನ್ನೂ ಸಾವಿರದ ಚಿಲ್ಲರೆ ಉಳೀತು, ಅಲ್ವಾ? ಮಗಳು ಟೋಪಿ ಬೇಕು ಅಂತಾಳೆ, ಕೊಡಿಸಿ.

ಓಂ ಬೀಚಿಗೆ ಹೋಗುವಾಗ ಆಟೋ ಮಾಡಿ, ಬರುವಾಗ ಬೇಡ. ಓಂನಿಂದ ಗುಡ್ಡ ಹತ್ತಿ ಇಳಿದರೆ ಕುಡ್ಲೆ ಬೀಚು, ಕುಡ್ಲೆಯಿಂದ ಮತ್ತೊಂದು ಗುಡ್ಡ ದಾಟಿದರೆ ಊರು. ಒಂದೊಂದು ಹಂತಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ಊರಿಗೆ ಇಳಿಯುವ ಮುಂಚೆ ರಾಮತೀರ್ಥ ಸಿಗುತ್ತದೆ, ಗುಡ್ಡದ ಬುಡದಲ್ಲಿ ಸಿಹಿನೀರಿನ ಒರತೆ, ಕೆಳಗೆ ಉಪ್ಪುನೀರು. ಅಷ್ಟು ನಡೆಯಲು ತಾಯಿಗೆ ಆಗದಿದ್ದರೆ ಅವರನ್ನು ಆ ಹೊತ್ತು ಊರಲ್ಲೇ ಬಿಡಿ, ಕೋಟಿತೀರ್ಥದ ದಡದಲ್ಲಿ ಕೂತರೆ ಹೊತ್ತು ಹೋಗುವುದೇ ಗೊತ್ತಾಗಲ್ಲ.

ಮೂರನೇ ದಿನಕ್ಕೆ ನನ್ನ ಒಂದು ಒತ್ತಾಯ. ಲೋಕಲ್ ಬಸ್ಸಿನಲ್ಲಿ ತದಡಿಗೆ ಹೋಗಿ. ಅದು ಮೀನುಗಾರಿಕೆ ಬಂದರು, ಬೀಚಿನ ಚಂದ ಏನೂ ಇಲ್ಲ, ಬಲೆ, ಡೀಸೆಲ್ ವಾಸನೆ, ಐಸ್ ಪುಡಿ, ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸರು. ಅಲ್ಲಿಂದ ಅಘನಾಶಿನಿ ನದಿ ದಾಟಲು ತಾರಿ ಇದೆ. ಚಿಲ್ಲರೆ ಕಾಸಿಗೆ ಆಚೆ ದಡದ ಅಘನಾಶಿನಿ ಎಂಬ ಊರಿಗೇ ಬಿಡುತ್ತದೆ. ಬೈಕು, ಮೀನುಬುಟ್ಟಿ, ಶಾಲೆ ಮಕ್ಕಳು ಎಲ್ಲಾ ಒಟ್ಟಿಗೆ. ನೀರು ಇಳಿದ ಹೊತ್ತಾಗಿದ್ದರೆ ನದಿಯ ನಡುವೆಯೇ ಜನ ಸೊಂಟದವರೆಗೆ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವುದು ಕಾಣುತ್ತದೆ. ಅಣೆಕಟ್ಟೇ ಇಲ್ಲದ ನದಿ ಇದು. ಇದರ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿಸಿದರು, ಅದೇ ಸಲ ಸೇರಿದ ಇನ್ನೊಂದು ಜಾಗ ನಿಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ! ಮಗಳಿಗೆ ಇದನ್ನು ತಾರಿಯಲ್ಲೇ ಹೇಳಿ, ಶಾಲೆಯಲ್ಲಿ ಹೇಳಿಕೊಳ್ಳಲು ಒಂದು ವಿಷಯ ಆಯಿತು.

ನಾವು ಮೂವರು ಹುಡುಗರು, ಬೆಂಗಳೂರಲ್ಲಿ ಕೆಲಸ. ಶುಕ್ರವಾರ ರಾತ್ರಿ ಬಿಟ್ಟು ಸೋಮವಾರ ಬೆಳಿಗ್ಗೆ ಆಫೀಸು. ಗೋವಾ ಒಳ್ಳೆಯದಾ ಗೋಕರ್ಣವಾ? ತಲೆಗೆ ನಾಲ್ಕು ಸಾವಿರ. — ಬೆಂಗಳೂರಿನ ಓದುಗರು

ಪಾರ್ಟಿ ಬೇಕಿದ್ದರೆ ಗೋವಾಕ್ಕೇ ಹೋಗಿ, ಗೋಕರ್ಣಕ್ಕೆ ಬಂದು ಅದನ್ನು ಹುಡುಕಬೇಡಿ. ಅದು ದೇವಸ್ಥಾನದ ಊರು, ಬೀಚು ಅದಕ್ಕೆ ಆಮೇಲೆ ಅಂಟಿಕೊಂಡಿದ್ದು. ಸಮುದ್ರ, ನಡಿಗೆ, ಮೀನೂಟ, ನಿದ್ದೆ ಸಾಕು ಅಂದರೆ ನಾಲ್ಕು ಸಾವಿರದಲ್ಲಿ ಆರಾಮ.

ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹಿಡಿಯಿರಿ. ಸಂಜೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಗೋಕರ್ಣ ರೋಡ್. ಸ್ಲೀಪರ್‌ಗೆ ನಾನೂರರ ಆಸುಪಾಸು. ಭಾನುವಾರ ಸಂಜೆ ಅದೇ ರೈಲು ಹತ್ತಿದರೆ ಸೋಮವಾರ ಬೆಳಿಗ್ಗೆ ಬೆಂಗಳೂರು. ನಿಮ್ಮ ಶುಕ್ರವಾರದ ಲೆಕ್ಕಕ್ಕೆ ಒಂದೇ ತೊಡಕು, ಅದು ಸಂಜೆ ಏಳರೊಳಗೇ ಹೊರಡುತ್ತದೆ, ಆಫೀಸಿಂದ ಬೇಗ ಎದ್ದು ಬರಬೇಕು. ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, ವಾರಾಂತ್ಯದ ಸೀಟು ಬೇಗ ಮುಗಿದುಹೋಗುತ್ತದೆ. ‘ಪ್ಲಾನ್ ಮಾಡದೇ ಹೋಗೋದೇ ಮಜಾ’ ಅನ್ನುವ ಗೆಳೆಯ ನಿಮ್ಮ ಮೂವರಲ್ಲಿ ಒಬ್ಬ ಇದ್ದೇ ಇರುತ್ತಾನೆ. ಅವನ ಮಾತು ಕೇಳಿದರೆ ಶುಕ್ರವಾರ ಸಂಜೆ ಖಾಸಗಿ ಸ್ಲೀಪರ್ ಬಸ್ಸಿನವರು ಕೇಳಿದಷ್ಟು ಕೊಡಬೇಕಾಗುತ್ತದೆ, ನಿಮ್ಮ ಬಜೆಟ್ಟಿನ ಅರ್ಧ ಅಲ್ಲೇ ಹೋಯಿತು.

ಸ್ಟೇಷನ್ನಿನಿಂದ ಊರು ಹತ್ತು ಕಿಲೋಮೀಟರ್ ಹತ್ತಿರ. ನಿಮ್ಮ ಜೊತೆ ಇಳಿದವರನ್ನೇ ಕೇಳಿ ಆಟೋ ಹಂಚಿಕೊಳ್ಳಿ.

ಕುಡ್ಲೆಯಲ್ಲಿ ಬಿದಿರಿನ ಗುಡಿಸಲುಗಳಿವೆ, ಮೂವರಿಗೆ ಅಗ್ಗ ಬೀಳುತ್ತದೆ. ಫೋಟೋ ನೋಡಿ ಮುಂಗಡ ಕಳಿಸಬೇಡಿ, ಹೋಗಿ ನೋಡಿ. ಬಾಗಿಲಿಗೆ ನಿಮ್ಮದೇ ಬೀಗ ಹಾಕಬಹುದಾ, ಸೊಳ್ಳೆಪರದೆ ಇದೆಯಾ, ಸಂಡಾಸು ಎಷ್ಟು ಜನರಿಗೆ ಒಂದು, ಇಷ್ಟು ಕೇಳಿ ಆಮೇಲೆ ದರ ಮಾತಾಡಿ. ಬೀಚ್ ಮೇಲೆ ಟೆಂಟ್ ಹಾಕಿ ಮಲಗುವ ಆಸೆ ಇದ್ದರೆ ಬಿಡಿ, ನಡುರಾತ್ರಿ ಪೊಲೀಸರು ಬಂದು ಎಬ್ಬಿಸಿದರೆ ಎಲ್ಲಿಗೆ ಹೋಗುತ್ತೀರಿ?

ಮೀನೂಟಕ್ಕೆ ಹೋಗಿ ಬಿಲ್ಲು ನೋಡಿ ಕಣ್ಣು ಕತ್ತಲೆ ಬಂತು. ಹೊರಗೆ ಬೋರ್ಡಿನಲ್ಲಿ ಊಟ ನೂರೈವತ್ತು ಅಂತಿತ್ತು. ಮೋಸ ಮಾಡಿದರಾ? — ಹಾಸನದ ಓದುಗರು

ಮೋಸ ಅಂತ ಹೇಳಲಾರೆ, ನಿಮಗೆ ಲೆಕ್ಕ ಗೊತ್ತಿರಲಿಲ್ಲ ಅಷ್ಟೇ. ಮಧ್ಯಾಹ್ನ ಹನ್ನೆರಡೂವರೆಗೆ ಒಳಗೆ ಕೂತರೆ ತಟ್ಟೆ ಬರುತ್ತದೆ: ಕುಚ್ಚಲಕ್ಕಿ ಅನ್ನ ಬೇಕಾ ಬಿಳಿ ಅನ್ನ ಬೇಕಾ ಕೇಳುತ್ತಾರೆ, ಕೆಂಪಗಿನ ಮೀನುಸಾರು, ಒಂದು ಪಲ್ಯ, ಸಣ್ಣ ಬಟ್ಟಲಲ್ಲಿ ಬಳಚೋ ಸೀಗಡಿಯೋ ಒಂದು ಸುಕ್ಕಾ, ಉಪ್ಪಿನಕಾಯಿ, ಲೋಟದಲ್ಲಿ ಗುಲಾಬಿ ಬಣ್ಣದ ಸೋಲ್‌ಕಡಿ. ಬೋರ್ಡಿನಲ್ಲಿ ಬರೆದ ದರ ಇಷ್ಟಕ್ಕೇ. ಹೊಟ್ಟೆ ತುಂಬಲು ಇದೇ ಧಾರಾಳ. ಆಮೇಲೆ ಹುಡುಗ ಒಂದು ಟ್ರೇ ಹಿಡಿದು ಬರುತ್ತಾನೆ, ಮಸಾಲೆ ಹಚ್ಚಿದ ಹಸಿ ಮೀನು ಸಾಲಾಗಿ ಮಲಗಿರುತ್ತವೆ, ‘ಫ್ರೈ ಎಂಥದು?’ ಅನ್ನುತ್ತಾನೆ. ನೀವು ದೊಡ್ಡದನ್ನೇ ತೋರಿಸುತ್ತೀರಿ. ಅದು ಪಾಂಪ್ಲೆಟ್ಟೋ ಇಸ್ವಾಣವೋ ಆಗಿರುತ್ತದೆ, ದರ ಅವತ್ತವತ್ತಿನದು. ನಿಮ್ಮ ಬಿಲ್ಲು ಬೆಳೆದದ್ದು ಆ ಟ್ರೇ ಮುಂದೆ.

ದರ ಕೇಳಲು ನಾಚಿಕೆ ಬೇಡ, ಇಲ್ಲಿಯವರೂ ಕೇಳಿಯೇ ಹೇಳುವುದು. ಬಂಗಡೆ ಹೇಳಿ, ಇಲ್ಲವೇ ತಾರ್ಲೆ. ಅಗ್ಗ, ತಾಜಾ, ರುಚಿಗೆ ಪಾಂಪ್ಲೆಟ್‌ಗಿಂತ ಒಂದು ಕೈ ಮೇಲೇ ಅನ್ನುವುದು ನನ್ನ ಅಭಿಪ್ರಾಯ, ಇದರ ಮೇಲೆ ಯಾರ ಜೊತೆ ಬೇಕಾದರೂ ವಾದಕ್ಕೆ ತಯಾರು. ರವೆ ಹಚ್ಚಿ ಕಾವಲಿ ಮೇಲೆ ಹುರಿದ ಬಂಗಡೆಯ ತುದಿ ಗರಿಗರಿ ಆಗಿರುತ್ತದಲ್ಲ, ಅದನ್ನು ಮೊದಲು ಮುರಿದು ತಿನ್ನಬೇಕು. ಇನ್ನೊಂದು ಮಾತು, ಸಮುದ್ರ ಕಾಣುವ ಹೋಟೆಲಿನಲ್ಲಿ ಪಿಜ್ಜಾ, ಪಾಸ್ತಾ, ಪ್ಯಾನ್‌ಕೇಕ್ ಇರುತ್ತದೆ. ಮೀನೂಟ ಇರುವುದು ಬಸ್‌ಸ್ಟ್ಯಾಂಡ್ ಕಡೆ, ಆಟೋದವರು, ಬ್ಯಾಂಕಿನವರು ಊಟ ಮಾಡುವ ಜಾಗದಲ್ಲಿ. ಎರಡು ಗಂಟೆ ದಾಟಿದರೆ ಒಳ್ಳೆ ಮೀನು ಮುಗಿದಿರುತ್ತದೆ.

ನಾವು ಐದು ಜನ ಸಹೋದ್ಯೋಗಿಗಳು, ಎಲ್ಲರೂ ಹೆಂಗಸರು, ತುಮಕೂರು. ಫ್ರೀ ಬಸ್ಸಲ್ಲೇ ಗೋಕರ್ಣದವರೆಗೆ ಹೋಗಬಹುದಾ? ಮನೆಯವರು ‘ಫ್ರೀ ಅಂತ ಅಷ್ಟು ದೂರ ಯಾರಾದ್ರೂ ಹೋಗ್ತಾರಾ’ ಅಂತ ನಗುತ್ತಿದ್ದಾರೆ.

ನಗಲಿ ಬಿಡಿ, ನೀವು ಹೋಗಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಟಿಕೆಟ್ ರಾಜ್ಯದ ಒಳಗೆ ಎಷ್ಟು ದೂರಕ್ಕೂ ನಡೆಯುತ್ತದೆ. ರಾಜಹಂಸ, ಎಸಿ, ಸ್ಲೀಪರ್‌ಗೆ ಇಲ್ಲ, ಕಾರವಾರ ದಾಟಿ ಗೋವಾಕ್ಕೆ ಹೋಗುವ ಬಸ್ಸಿಗೂ ಇಲ್ಲ.

ಆದರೆ ರಾತ್ರಿಯಿಡೀ ಕೂತು ಹೋಗುವ ಬಸ್ಸು ಸುಮ್ನೆ ಸುಸ್ತು. ಹಗಲಲ್ಲಿ ಹೊರಡಿ, ದಾರಿಯನ್ನೇ ಪ್ರವಾಸ ಮಾಡಿಕೊಳ್ಳಿ. ತುಮಕೂರು, ಶಿವಮೊಗ್ಗ, ಸಾಗರ. ಸಾಗರದಲ್ಲೋ ಜೋಗದಲ್ಲೋ ಒಂದು ರಾತ್ರಿ. ಬೆಳಿಗ್ಗೆ ಜೋಗ ನೋಡಿ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ. ಬಸ್ಸು ಬದಲಾಯಿಸಿದಾಗೆಲ್ಲ ಹೊಸ ಸೊನ್ನೆ ಟಿಕೆಟ್ ತಗೊಳ್ಳಬೇಕು, ಅಷ್ಟೇ ಕೆಲಸ.

ಇನ್ನು ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ ಹೊನ್ನಾವರದಲ್ಲೇ ಇಳಿದುಬಿಡುತ್ತಿದ್ದೆ. ಅಲ್ಲಿಯ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಅದು ಚೊಕ್ಕ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಗುರುತು, ಕರ್ನಾಟಕದಲ್ಲಿ ಅದಕ್ಕೂ ಪಡುಬಿದ್ರಿಗೂ ಒಟ್ಟಿಗೇ. ಬಟ್ಟೆ ಬದಲಿಸಲು ಜಾಗ, ಸ್ನಾನಕ್ಕೆ ನೀರು, ಶೌಚಾಲಯ ಇರುವ ಬೀಚು, ಹೆಂಗಸರಿಗೆ ಇದು ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾ? ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಸೇತುವೆಯ ಮೇಲೆ ನಡೆಯಬಹುದು. ಹೊನ್ನಾವರ, ಕುಮಟಾದಲ್ಲಿ ಲಾಡ್ಜಿನ ದರ ಗೋಕರ್ಣಕ್ಕಿಂತ ಕಮ್ಮಿ, ಬೆಳಿಗ್ಗೆ ಬಸ್ಸು ಹತ್ತಿ ಗೋಕರ್ಣ ನೋಡಿ ಸಂಜೆ ವಾಪಸ್ ಬರಬಹುದು.

ಗೋಕರ್ಣದಲ್ಲೇ ಉಳಿಯುವುದಾದರೆ ಊರೊಳಗೆ ಉಳಿಯಿರಿ. ಕುಡ್ಲೆಯಿಂದ ಊರಿಗೆ ಬರುವ ಗುಡ್ಡದ ದಾರಿಯಲ್ಲಿ ಕತ್ತಲಾದ ಮೇಲೆ ನಡೆಯಬೇಡಿ, ಕಲ್ಲು ಜಾರುತ್ತದೆ, ದೀಪ ಇಲ್ಲ.

ಮೈಸೂರು. ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು. ಶುದ್ಧ ಸಸ್ಯಾಹಾರ. ಗೋಕರ್ಣದಲ್ಲಿ ಮೂರು ದಿನ ಹೇಗೆ?

ದರ್ಶನಕ್ಕಾದರೆ ಸರಿ, ಊಟಕ್ಕೂ ತೊಂದರೆ ಇಲ್ಲ, ತಂಬುಳಿ, ಅಪ್ಪೆಹುಳಿ ಸಿಗುವ ಸೀಮೆ ಅದು. ತೊಂದರೆ ಇರುವುದು ಮಂಡಿಗೆ. ಗೋಕರ್ಣದ ಚಂದದ ಬೀಚುಗಳೆಲ್ಲ ಗುಡ್ಡದ ಆಚೆ. ಪ್ರತಿ ಸಲ ಆಟೋ, ಆಟೋ ಇಳಿದ ಮೇಲೂ ಮೆಟ್ಟಿಲು. ಹಾಫ್‌ಮೂನ್ ಬೀಚಿಗಂತೂ ರಸ್ತೆಯೇ ಇಲ್ಲ.

ನೀವು ಉಡುಪಿಗೆ ಹೋಗಿ. ಮೈಸೂರಿನ ಮೇಲೆ ಹಾದು ಕರಾವಳಿಗೆ ಹೋಗುವ ರಾತ್ರಿ ರೈಲು ಉಡುಪಿಯಲ್ಲಿ ನಿಲ್ಲುತ್ತದೆ. ಮಠದ ಹತ್ತಿರ ರೂಮು ಮಾಡಿ. ಮಧ್ಯಾಹ್ನ ಕೃಷ್ಣಮಠದಲ್ಲಿ ಊಟ, ದುಡ್ಡು ಕೇಳುವವರಿಲ್ಲ. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. ಮಲ್ಪೆ ಆರು ಕಿಲೋಮೀಟರ್, ಸಿಟಿ ಬಸ್ಸು ಬರುತ್ತಲೇ ಇರುತ್ತವೆ. ಅಲ್ಲಿ ಮರಳು ಸಪಾಟು, ರಸ್ತೆಯಿಂದ ಇಳಿದ ಕೂಡಲೇ ಸಮುದ್ರ, ಕಾಲು ನೆನೆಸಿಕೊಂಡು ಬಂದು ಕೂರಲು ಬೆಂಚು. ಸೇಂಟ್ ಮೇರೀಸ್ ದ್ವೀಪಕ್ಕೆ ಅಪ್ಪ ಅಮ್ಮನನ್ನು ಎಳೆದುಕೊಂಡು ಹೋಗಬೇಡಿ, ಬೋಟ್ ಹತ್ತಿ ಇಳಿಯಬೇಕು, ಆಮೇಲೆ ಕಲ್ಲು. ನೀವು ಬೇಕಾದರೆ ಒಬ್ಬರೇ ಹೋಗಿ ಬನ್ನಿ, ಕಂಬ ಜೋಡಿಸಿಟ್ಟ ಹಾಗಿರುವ ಆ ಲಾವಾ ಕಲ್ಲುಗಳನ್ನು ನೋಡದೆ ಬರುವುದು ನಷ್ಟವೇ.

ಮುಂಬೈ ಹತ್ತಿರದ ಥಾಣೆಯಿಂದ ಬರೆಯುತ್ತಿದ್ದೇನೆ, ಮೂಲ ಧಾರವಾಡ. ಮತ್ಸ್ಯಗಂಧಾ ರೈಲಿನಲ್ಲಿ ಬಂದರೆ ಗೋಕರ್ಣ ರೋಡಿನಲ್ಲಿ ಕತ್ತಲಲ್ಲೇ ಇಳಿಯಬೇಕಂತೆ. ಆಟೋದವರು ಸುಲಿಯುತ್ತಾರಾ?

ಬೆಳಕಿಲ್ಲದ ಹೊತ್ತಲ್ಲಿ, ಹತ್ತು ಕಿಲೋಮೀಟರ್ ದೂರಕ್ಕೆ, ಒಬ್ಬರೇ ನಿಂತಿದ್ದರೆ ಜಾಸ್ತಿಯೇ ಕೇಳುತ್ತಾರೆ. ಅವರೂ ನಿದ್ದೆಗೆಟ್ಟು ಬಂದಿರುತ್ತಾರೆ ಅನ್ನಿ. ಬೇಗ ಹೋದರೂ ಲಾಡ್ಜಿನವರು ರೂಮು ಕೊಡುವುದು ಬೆಳಗಾದ ಮೇಲೇ. ಸ್ಟೇಷನ್ನಿನಲ್ಲೇ ಕೂತು ಬೆಳಕು ಹರಿದ ಮೇಲೆ ಹೊರಡಿ, ಅಥವಾ ಟಿಕೆಟನ್ನೇ ಕುಮಟಾದವರೆಗೆ ಮಾಡಿಸಿ. ಕುಮಟಾದಲ್ಲಿ ಸ್ಟೇಷನ್ ಊರಿಗೆ ಹತ್ತಿರ, ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಗೋಕರ್ಣದ ಬಸ್ಸು ಹಿಡಿಯಬಹುದು.

ಜುಲೈನಲ್ಲಿ ರೂಮು ಅರ್ಧ ಬೆಲೆಗೆ ತೋರಿಸುತ್ತಿದೆ. ಹೋಗಿಬಿಡಲಾ? — ದಾವಣಗೆರೆಯ ಓದುಗರು

ಮಳೆ ನೋಡಲು ಹೋಗಿ. ಬೀಚಿಗೆ ಅಂತ ಹೋಗಬೇಡಿ.

ಆಗ ಗುಡಿಸಲು ಬಿಚ್ಚಿಟ್ಟಿರುತ್ತಾರೆ, ಬೋಟ್ ಇಲ್ಲ, ಬೀಚಿನ ತುಂಬ ಕಸ ಮತ್ತು ನೊರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಹಾಗಾಗಿ ಮೀನೂ ದುಬಾರಿ, ಐಸಿನಲ್ಲಿ ಹೊರಗಿನಿಂದ ಬಂದದ್ದೇ ಹೆಚ್ಚು. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ಎಷ್ಟೋ ದಿನ ಬಂದ್ ಆಗಿತ್ತು. ಮಳೆಗಾಲದಲ್ಲಿ ಬರುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಬರಬೇಕು.

ಕಮ್ಮಿ ದರವೂ ಬೇಕು, ಶಾಂತ ಸಮುದ್ರವೂ ಬೇಕು ಅಂದರೆ ದೀಪಾವಳಿ ರಜೆ ಮುಗಿದ ಮೇಲಿನ ವಾರಗಳು, ಇಲ್ಲವೇ ಸಂಕ್ರಾಂತಿ ಕಳೆದು ಶಿವರಾತ್ರಿ ಬರುವುದರೊಳಗೆ.

ಮಕ್ಕಳು ನೀರಿಗೆ ಇಳಿಯದೆ ಬಿಡಲ್ಲ. ಲೈಫ್‌ಗಾರ್ಡ್ ಸೀಟಿ ಊದಿ ಊದಿ ಮಜಾ ಹಾಳು ಮಾಡಿದರು. ಮೊಣಕಾಲು ನೀರಲ್ಲಿ ಏನು ಅಪಾಯ? — ಬಳ್ಳಾರಿಯ ಓದುಗರು

ಸೀಟಿ ಊದಿದವರಿಗೆ ಒಂದು ಚಹಾ ಕೊಡಿಸಿ ಬರಬೇಕಿತ್ತು ನೀವು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಮುಳುಗಿ ಸತ್ತರು. ಬಯಲುಸೀಮೆಯ ನಾವು ಕೆರೆ, ಕಾಲುವೆಯಲ್ಲಿ ಆಳ ಅಳೆಯುತ್ತೇವೆ. ಸಮುದ್ರದಲ್ಲಿ ಆಳಕ್ಕಿಂತ ಸೆಳೆತ ನೋಡಬೇಕು. ದಡಕ್ಕೆ ಬಂದ ನೀರು ಒಂದು ಕಿರಿದಾದ ದಾರಿ ಮಾಡಿಕೊಂಡು ವಾಪಸ್ ಓಡುತ್ತದೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಮ್ಮಿ, ನೋಡಲು ಶಾಂತ ಅನಿಸುತ್ತದೆ. ಮಕ್ಕಳನ್ನು ಬಿಡುವುದೂ ಸರಿಯಾಗಿ ಅಲ್ಲೇ! ಸಿಕ್ಕಿಬಿದ್ದರೆ ದಡದ ಕಡೆಗೆ ಎದುರು ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು. ಈಜು ಬರದವರು ತೇಲುತ್ತಾ ಕೈ ಎತ್ತಬೇಕು. ಓಂ ಬೀಚಿನ ಬಂಡೆಗಳ ಮೇಲೆ ಸೆಲ್ಫಿಗೆ ಹತ್ತುವುದೂ ಬೇಡ, ಪಾಚಿ ಇರುತ್ತದೆ.

ಡಾಲ್ಫಿನ್ ತೋರಿಸುತ್ತೇವೆ ಅಂತ ಬೋಟಿನವರು ಹಿಂದೆ ಬೀಳುತ್ತಾರೆ. ಕೊಟ್ಟ ದುಡ್ಡಿಗೆ ಸಿಗುತ್ತಾ? — ಮಂಡ್ಯದ ಓದುಗರು

ಡಾಲ್ಫಿನ್ ಯಾರ ಮಾತೂ ಕೇಳಲ್ಲ. ಬೆಳಿಗ್ಗೆ ಕಾಣುವ ಸಾಧ್ಯತೆ ಜಾಸ್ತಿ, ಖಾತ್ರಿ ಇಲ್ಲ. ದುಡ್ಡು ಕೊಡುವುದಾದರೆ ಓಂನಿಂದ ಪ್ಯಾರಡೈಸ್ ಬೀಚಿಗೆ ಬೋಟಿನಲ್ಲಿ ಹೋಗಿ, ನಡೆದು ವಾಪಸ್ ಬನ್ನಿ. ಇನ್ನೊಂದು ಗುಂಪು ಸೇರಿಸಿಕೊಂಡರೆ ತಲೆಗೆ ಬೀಳುವುದು ಅರ್ಧ. ಲೈಫ್ ಜಾಕೆಟ್ ಇಲ್ಲದ ಬೋಟು ಎಷ್ಟೇ ಅಗ್ಗ ಆದರೂ ಹತ್ತಬೇಡಿ.

ಮನೆಗೆ ತರಲು ಏನಾದರೂ ಅಗ್ಗದ್ದು ಹೇಳಿ. ಚಿಪ್ಪಿನ ಕೀಚೈನ್ ಸಾಕಾಗಿದೆ. — ಚಿತ್ರದುರ್ಗದ ಓದುಗರು

ಒಣಗಿಸಿದ ಮುರುಗಲ (ಕೋಕಂ) ಸಿಪ್ಪೆ ತನ್ನಿ, ಒಂದು ಪೊಟ್ಟಣ ಬೇಸಿಗೆಯಿಡೀ ಸಾರಿಗೂ ಶರಬತ್ತಿಗೂ ಬರುತ್ತದೆ. ಗೋಕರ್ಣದ ಹತ್ತಿರವೇ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ, ಬೇಸಿಗೆಯಲ್ಲಿ ಹೋದರೆ ಗದ್ದೆಯಲ್ಲಿ ಉಪ್ಪು ಎಳೆಯುವುದನ್ನೂ ನೋಡಬಹುದು, ಹರಳುಪ್ಪನ್ನೂ ತರಬಹುದು. ಮೇ ತಿಂಗಳಾದರೆ ಅಂಕೋಲಾದಲ್ಲಿ ಇಳಿದು ಕರಿ ಇಶಾಡು ಮಾವು ಕೇಳಿ, 2023ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕ ಹಣ್ಣು, ರಸ ತುಂಬಿರುತ್ತದೆ, ಬೇಗ ಕೆಡುತ್ತದೆ, ಹಾಗಾಗಿ ಊರು ತಲುಪಿದ ದಿನವೇ ತಿಂದು ಮುಗಿಸಿ. ಒಣಮೀನು ತರುವವರು ಮೂರು ಪದರ ಪ್ಲಾಸ್ಟಿಕ್ ಸುತ್ತಿ ಡಬ್ಬಿಯಲ್ಲಿ ಹಾಕಿ. ಬರೀ ಪೇಪರ್‌ನಲ್ಲಿ ಸುತ್ತಿ ತಂದು ಕಂಡಕ್ಟರ್ ಕೈಲಿ ಬೈಸಿಕೊಂಡರೆ ನನಗೆ ಪತ್ರ ಬರೆಯಬೇಡಿ.